ಹುಳಿ ಮಜ್ಜಿಗೆಯಲ್ಲಿ ತೊಳೆದ ಕಪ್ಪು ಕಾರು

ಹೋದ ವಾರ ನಮ್ಮ ಮನೆಗೆ ಸುಣ್ಣ ಹೊಡೆಸಿದೆವು. ಈಗ ಸುಣ್ಣ ಎಂದು ಬಾಯಲ್ಲಿ ಅನ್ನುವುದಷ್ಟೇ, ಬಳಿಯುವುದು ಡಬ್ಬದ ಬಣ್ಣ. ಹಿತ್ತಲ ಗೋಡೆಗೆ ಮಾತ್ರ ಹಳೇ ಸುಣ್ಣವೇ ಆಗಬೇಕೆಂದು ನಾನು ಹಟ ಹಿಡಿದಿದ್ದೆ. ಬಂದವನು ಅರ್ಧ ಗೋಡೆಗೆ ಬಳಿದು ಇನ್ನರ್ಧವನ್ನು ನೆಲಕ್ಕೂ ಬಾಗಿಲಿಗೂ ಸಿಡಿಸಿ ಹೋದ. ಬಾಗಿಲ ಮೇಲೆ ಒಣಗಿದ್ದ ಹನಿಗಳು ನೀರಿಗೆ ಜಗ್ಗಲಿಲ್ಲ. ಸೊಸೆ ಉಗುರಿನಿಂದ ಕೆರೆಯುತ್ತಿದ್ದಳು. ತಾಳು ಎಂದು ಒಳಗಿನಿಂದ ಮೂರು ದಿನದ ಹುಳಿ ಮಜ್ಜಿಗೆ ತಂದು, ಬಟ್ಟೆ ಅದ್ದಿ, ನಾನೇ ಒರೆಸಿದೆ. ಸುಣ್ಣ ಸಣ್ಣಗೆ ನೊರೆಗಟ್ಟಿ ಬಿಟ್ಟುಕೊಂಡಿತು. ಹುಳಿ ಮಜ್ಜಿಗೆಯೂ ಒದ್ದೆ ಸುಣ್ಣವೂ ಸೇರಿದ ಆ ವಾಸನೆ... ಮೂಗಿಗೆ ಬಡಿದದ್ದೇ ತಡ, ಅಲ್ಲಿ ನಿಲ್ಲಲಾಗಲಿಲ್ಲ ನನಗೆ.

"ಇದನ್ನ ಎಲ್ಲಿ ಕಲಿತ್ರಿ ಅತ್ತೆ?" ಎಂದಳು ಸೊಸೆ.

"ಹಿಂದೆ ಪಕ್ಕದ ಮನೇಲಿದ್ದೋರು ಒಬ್ಬರು ಮಾಡ್ತಿದ್ದರು" ಎಂದೆ. ಅವಳಿಗೆ ಅಷ್ಟು ಸಾಕಾಯಿತು.

ಪಕ್ಕದ ಮನೆ ಎಂದರೆ ಮನೆಯೂ ಅಲ್ಲ, ಒಂದು ಕೋಣೆ. ನಲವತ್ತರ ದಶಕ, ಯುದ್ಧದ ಕಾಲ. ನೆಲಮಂಗಲದಲ್ಲಿ ನಾನೂ ನಮ್ಮವ್ವನೂ ಬಾಡಿಗೆಗಿದ್ದ ಮನೆಗೆ ತಾಗಿಕೊಂಡೇ ಊರ ಸಾಹುಕಾರರ ಗೋದಾಮು ಇತ್ತು. ಗೋದಾಮಿನ ಮಗ್ಗುಲಿಗೆ ಅವರ ಕಾರು ನಿಲ್ಲಿಸುವ ತಗಡಿನ ಚಪ್ಪರ, ಚಪ್ಪರದ ಪಕ್ಕದ ಕೋಣೆಯಲ್ಲಿ ಕಾರಿನ ಡ್ರೈವರು. ಊರಿನಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದು ನಾನು ಕೇಳಿಲ್ಲ. ನನಗೆ ಅವರು ಡ್ರೈವರ್ ಮಾಮ. ಹೆಂಡತಿ ಎಂದೋ ತೀರಿಕೊಂಡಿದ್ದರು. ಇದ್ದ ಒಬ್ಬನೇ ಮಗ ದಂಡಿನ ಪಟಾಲಮ್ಮಿಗೆ ಸೇರಿ ಬರ್ಮಾ ಕಡೆಗೆ ಹೋಗಿದ್ದ.

ನನಗಾಗ ಹತ್ತೊಂಬತ್ತು. ಹೆಣ್ಣುಮಕ್ಕಳ ಪ್ರೈಮರಿ ಸ್ಕೂಲಿನಲ್ಲಿ ಮೇಷ್ಟ್ರಮ್ಮ. ಅಪ್ಪ ಇರಲಿಲ್ಲ, ನಮ್ಮಿಬ್ಬರ ಹೊಟ್ಟೆ ನಡೆಯುತ್ತಿದ್ದದ್ದು ಆ ಕೆಲಸದಿಂದಲೇ. ನನ್ನ ಅಕ್ಷರ ಮುತ್ತು ಪೋಣಿಸಿದ ಹಾಗಿದೆ ಎಂದು ಊರೆಲ್ಲ ಹೊಗಳುತ್ತಿತ್ತು. ನಾನೂ ಕಡಿಮೆಯವಳಲ್ಲ, ಹೊಗಳಿದಷ್ಟೂ ಉಬ್ಬುತ್ತಿದ್ದೆ. ಅರ್ಜಿ, ಕಾಗದ, ಮದುವೆಯ ಕರೆಯೋಲೆ, ಏನಿದ್ದರೂ ನನ್ನ ಹತ್ತಿರವೇ ಬರುತ್ತಿದ್ದರು. ಡ್ರೈವರ್ ಮಾಮ ಹದಿನೈದು ದಿನಕ್ಕೊಮ್ಮೆ ತಪ್ಪದೆ ಬಂದು ಮಗನಿಗೆ ಕಾಗದ ಬರೆಸುತ್ತಿದ್ದರು. ಬರೆದು ಮುಗಿಸಿದ ಮೇಲೆ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡುವರು.

"ಓದಕ್ಕೆ ಬರಲ್ಲ ಮೇಷ್ಟ್ರಮ್ಮ. ನೋಡಿದ್ರೆ ಅದೇನೋ ಸಮಾಧಾನ ಆಯ್ತದೆ" ಎನ್ನುತ್ತಿದ್ದರು.

ಇನ್ನು ಅವರು ಕಾರು ತೊಳೆಯುತ್ತಿದ್ದ ವೈಖರಿ. ಸಾಹುಕಾರರ ಕಾರು ಕಪ್ಪು ಬಣ್ಣದ್ದು, ಪಕ್ಕದಲ್ಲಿ ಕಾಲಿಟ್ಟು ಹತ್ತುವ ಹಲಗೆ ಇದ್ದ ಹಳೇ ಕಾಲದ ದೊಡ್ಡ ಗಾಡಿ. ವಿಮಾನದಿಂದ ಬಾಂಬು ಹಾಕುತ್ತಾರೆಂಬ ಹೆದರಿಕೆಗೆ ದೀಪಗಳ ಮೇಲರ್ಧಕ್ಕೂ ಕಪ್ಪು ಬಳಿದಿದ್ದರು. ಹಳ್ಳಿ ತಿರುಗಿ ಬರುವಾಗ ಅದಕ್ಕೆ ಮೊಣಕಾಲಿನವರೆಗೆ ಕೆಮ್ಮಣ್ಣು, ಅದರ ಮೇಲೆಲ್ಲ ಜಲ್ಲಿ ರಸ್ತೆಯ ಬಿಳಿ ಧೂಳು. ಮಾಮ ಮೊದಲು ನೀರು ಚಿಮುಕಿಸಿ ನೆನೆಯಲು ಬಿಡುತ್ತಿದ್ದರು. ಅವಸರ ಮಾಡುವಂತಿರಲಿಲ್ಲ. ನೆನೆಯದ ಧೂಳಿನ ಮೇಲೆ ಬಟ್ಟೆ ಎಳೆದರೆ ಮರಳು ಗೀರುತ್ತದೆ, ಕಪ್ಪಿನ ಮೇಲೆ ಬಿದ್ದ ಗೀರನ್ನು ಅಡಗಿಸುವುದು ಬ್ರಹ್ಮನಿಗೂ ಆಗದು ಎನ್ನುತ್ತಿದ್ದರು. ಆಮೇಲೆ ನೆತ್ತಿಯಿಂದ ಶುರು ಮಾಡಿ ಬಾನೆಟ್ಟು, ಬಾಗಿಲು, ಮಡ್‌ಗಾರ್ಡು ಎಂದು ಇಳಿದು ಬರುವರು. ಚಕ್ರದ ಕಡ್ಡಿಗಳ ಸಂದಿಗೆ ಬೇವಿನ ಕಡ್ಡಿಗೆ ಚಿಂದಿ ಸುತ್ತಿ ತೂರಿಸುವರು. ಟಾರು ಅಂಟಿದ್ದರೆ ಒಂದೇ ತೊಟ್ಟು ಸೀಮೆಎಣ್ಣೆ, ದೀಪದ ಸುತ್ತಿನ ಬಳೆಗಳಿಗೆ ವಿಭೂತಿ, ಟೈರಿಗೆ ಒಣಗಿದ ಹೀರೇಕಾಯಿಯ ನಾರು. ಕಡೆಗೆ ಹಳೇ ಪಂಚೆಯ ತುಂಡಿಗೆ ಎರಡು ತೊಟ್ಟು ಕೊಬ್ಬರಿ ಎಣ್ಣೆ ಹಾಕಿ ಉಜ್ಜಿದರೆ, ನೀರಿಗೆ ಹೋಗುವ ಹೆಂಗಸರು ಆ ಬಾಗಿಲಲ್ಲಿ ಮುಖ ನೋಡಿಕೊಂಡು ಕುಂಕುಮ ಸರಿ ಮಾಡಿಕೊಳ್ಳುತ್ತಿದ್ದರು. ಮಾಮ ನೋಡಿಯೂ ನೋಡದವರಂತೆ ಬೇರೆ ಕಡೆ ತಿರುಗುತ್ತಿದ್ದರು.

ಆ ವರ್ಷ ಊರಿನಲ್ಲಿ ರಾಗಿ ಕಾಣದಾಯಿತು. ಬೆಳೆದಿರಲಿಲ್ಲವೆಂದಲ್ಲ. ಬೆಳೆದದ್ದು ಬೆಳೆದಂತೆಯೇ ಗೋದಾಮು ಸೇರಿ, ಲಾರಿ ಹತ್ತಿ, ಬೆಂಗಳೂರಿನ ಮಿಲಿಟರಿ ಕ್ಯಾಂಪಿಗೆ ಹೋಗುತ್ತಿತ್ತು. ಕಂಟ್ರಾಕ್ಟು ನಮ್ಮ ಸಾಹುಕಾರರದು. ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲ ಗ್ಯಾಸಿನಲ್ಲಿ ಕೆಮ್ಮಿಕೊಂಡು ಓಡುತ್ತಿದ್ದಾಗ ಅವರ ಕಾರು ಮಾತ್ರ ಅರಿಶಿನಕುಂಟೆ, ಆಚೆಯ ಹಳ್ಳಿಗಳು ಎಂದು ತಿರುಗಿ ರಾಗಿ ಎತ್ತಿಸುತ್ತಿತ್ತು. "ಊರ ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು" ಎಂದು ನಮ್ಮವ್ವ ಆ ಕಾರಿನ ಹೊಳಪು ಕಂಡಾಗೆಲ್ಲ ಗೊಣಗುತ್ತಿದ್ದಳು. ಒಂದು ದಿನ ನನ್ನ ಕ್ಲಾಸಿನ ಹುಡುಗಿಯೊಬ್ಬಳು ಮಗ್ಗಿ ಒಪ್ಪಿಸುತ್ತಾ ನಿಂತಲ್ಲೇ ಕುಸಿದಳು. ನೀರು ಕುಡಿಸಿ, ಏನು ತಿಂದೆಯೇ ಎಂದರೆ, ನೆನ್ನೆ ಬೆಂದ ಸೊಪ್ಪು ಎಂದಳು. ನನಗೆ ಮೈಯೆಲ್ಲ ಉರಿಯಿತು.

ದಸರೆಯ ಶಾರದಾ ಪೂಜೆಗೆಂದು ಸ್ಕೂಲಿಗೆ ಸುಣ್ಣ ಹೊಡೆಯುತ್ತಿದ್ದರು. ಸಂಜೆ ಎಲ್ಲರೂ ಹೋದ ಮೇಲೆ ಒಂದು ಗಡಿಗೆ ಸುಣ್ಣವನ್ನೂ ನಾರಿನ ಕುಂಚವನ್ನೂ ಸೆರಗಿನಲ್ಲಿ ಮುಚ್ಚಿಕೊಂಡು ಬಂದೆ. ದೀಪ ಹಚ್ಚುವ ಹೊತ್ತು. ಬೀದಿಯ ಹೆಂಗಸರು ಮಕ್ಕಳೆಲ್ಲ ಗೊಂಬೆ ಆರತಿಗೆ ಹೋಗಿದ್ದರು, ಮಾಮ ಕೀಲಿ ಕೊಡಲು ಸಾಹುಕಾರರ ಮನೆಗೆ ಹೋಗಿದ್ದರು, ಸೀಮೆಎಣ್ಣೆ ಇಲ್ಲದೆ ಬೀದಿಯ ದೀಪ ಹತ್ತಿರಲಿಲ್ಲ. ಚಪ್ಪರದೊಳಗೆ ನುಗ್ಗಿ ಕಾರಿನ ಎರಡೂ ಬಾಗಿಲಿನ ಉದ್ದಕ್ಕೆ ಬರೆದೆ: ಊರ ರಾಗಿ ನುಂಗಿದ ಗಾಡಿ.

ನಾನು ಅಂದುಕೊಂಡದ್ದು ಇಷ್ಟೇ. ಬೆಳಗ್ಗೆ ಊರು ನೋಡಿ ನಗಬೇಕು, ಸಾಹುಕಾರರ ಮುಖ ಸಣ್ಣದಾಗಬೇಕು, ಆಮೇಲೆ ಒರೆಸಿದರೆ ಹೋಗಬೇಕು. ಗೋಡೆಯ ಸುಣ್ಣ ಮೈಗೆ ಹತ್ತದಿರಲೆಂದು ಅದಕ್ಕೆ ಅಂಟು ಬೆರೆಸಿರುತ್ತಾರೆಂಬುದು ನನಗೆ ಗೊತ್ತಿರಲಿಲ್ಲ. ಅದಾದರೂ ಹೋಗಲಿ, ಕದ್ದು ಬರೆಯುವಾಗ ಅಕ್ಷರ ಕೆಡಿಸಿ ಬರೆಯುವಷ್ಟು ಬುದ್ಧಿ ಬೇಡವೇ? ಆ ಕತ್ತಲಲ್ಲೂ ನಾನು ಕರಿಹಲಗೆಯ ಮೇಲೆ ಬರೆದಂತೆ ದುಂಡಗೆ, ಸಾಲು ಹಿಡಿದು, ಕೊಂಬು ದೀರ್ಘ ತಿದ್ದಿ ಬರೆದಿದ್ದೆ.

ಬೆಳಗ್ಗೆ ಊರು ನಕ್ಕಿತು. ಸಾಹುಕಾರರು ನಗಲಿಲ್ಲ. ಚಪ್ಪರದ ಮುಂದೆ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದರು:

"ಠಾಣೆಯೋರು ದಸರಾ ಬಂದೋಬಸ್ತಿಗೆ ಮೈಸೂರಿಗೆ ಹೋಗವ್ರೆ. ಅವರು ಬರೋವರ್ಗೂ ಈ ಬಾಗಿಲು ಯಾರೂ ಮುಟ್ಟಕೂಡದು. ಅಕ್ಷರಕ್ಕೆ ಅಕ್ಷರ ತಾಳೆ ನೋಡಿಸ್ತೀನಿ. ಈ ಊರಲ್ಲಿ ಬರೆಯಕ್ಕೆ ಬರೋರು ಎಷ್ಟು ಜನ ಅವ್ರೆ? ಸಿಕ್ಕೇ ಸಿಗ್ತಾರೆ."

ನಾನು ನಮ್ಮ ಕಿಟಕಿಯ ಸರಳು ಹಿಡಿದು ನಿಂತು ಕೇಳಿದೆ. ಡ್ರೈವರ್ ಮಾಮ ಆ ಬರಹದ ಮುಂದೆ ನಿಂತಿದ್ದರು. ಓದು ಬಾರದ ಆ ಮನುಷ್ಯ, ನನ್ನ ಕಾಗದಗಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಂತೆಯೇ, ಒಂದೊಂದು ಅಕ್ಷರವನ್ನೂ ನಿಧಾನವಾಗಿ ನೋಡಿದರು. ಆಮೇಲೆ ತಿರುಗಿ ನಮ್ಮ ಕಿಟಕಿಯ ಕಡೆ ಒಂದೇ ಒಂದು ಸಲ ನೋಡಿದರು.

ಆ ಸಂಜೆ ಚೊಂಬು ಹಿಡಿದು ನಮ್ಮ ಬಾಗಿಲಿಗೆ ಬಂದರು.

"ಅಕ್ಕಾ, ಹುಳಿ ಮಜ್ಜಿಗೆ ಐತಾ? ಎಷ್ಟು ಹುಳಿ ಇದ್ರೆ ಅಷ್ಟು ಒಳ್ಳೇದು."

"ಏನಪ್ಪಾ ಮಾಡ್ತೀಯ ಅಷ್ಟು ಹುಳೀನ?" ಎಂದಳು ಅವ್ವ.

"ಬೆಳಗ್ಗೆ ಆಯುಧ ಪೂಜೆ ಅಲ್ವಾ ಅಕ್ಕ. ಹಿತ್ತಾಳೆ ತೊಳ್ಯಕ್ಕೆ."

ಅವ್ವ ಚೊಂಬಿನ ತುಂಬ ಸುರಿದುಕೊಟ್ಟಳು. ನಾನು ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದೆ. ಅವರು ನನ್ನ ಕಡೆ ನೋಡದೆ ಹೋದರು.

ಮರುದಿನ ಬೆಳಕು ಹರಿಯುತ್ತಿದ್ದಂತೆ ಚಪ್ಪರದಿಂದ ನೀರಿನ ಸದ್ದು ಕೇಳಿತು. ಹಿತ್ತಲ ಗೋಡೆಯ ಮೇಲಿಂದ ಇಣುಕಿದೆ. ಮಾಮ ಒಂದೊಂದು ಅಕ್ಷರದ ಮೇಲೂ ಮಜ್ಜಿಗೆ ಅದ್ದಿದ ಬಟ್ಟೆ ಒತ್ತಿ ಹಿಡಿದು, ಸುಣ್ಣ ನೊರೆ ಬರುವವರೆಗೆ ಕಾದು, ಮೆಲ್ಲಗೆ ಎತ್ತುತ್ತಿದ್ದರು. ಉಜ್ಜುತ್ತಿರಲಿಲ್ಲ. ಉಜ್ಜಿದರೆ ಬಣ್ಣವೇ ಕಿತ್ತುಬರುತ್ತಿತ್ತೋ ಏನೋ. ಊರ ಹೋಯಿತು, ರಾಗಿ ಹೋಯಿತು... ಮಜ್ಜಿಗೆಯ ಕಮಟು ಗೋಡೆ ದಾಟಿ ಬರುತ್ತಿತ್ತು. ಬಿಸಿಲು ಬರುವ ಹೊತ್ತಿಗೆ ಎಣ್ಣೆ ಕೈ ಆಡಿಸಿ, ಬಾನೆಟ್ಟಿಗೆ ಅರಿಶಿನ ಕುಂಕುಮ ಇಟ್ಟು, ಸೇವಂತಿಗೆ ಹಾರ ಹಾಕಿ, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು ಕೈಕಟ್ಟಿ ನಿಂತಿದ್ದರು.

ಸಾಹುಕಾರರು ಬಂದವರೇ ಕೈ ಎತ್ತಿದರು. ಅಷ್ಟರಲ್ಲಿ ಪೂಜೆಗೆಂದು ಬಂದಿದ್ದ ಅವರ ತಾಯಿ ತಡೆದರು. "ಆಯುಧ ಪೂಜೆ ದಿವ್ಸ ಕೊಳಕು ಗಾಡಿಗೆ ಆರತಿ ಎತ್ತಕ್ಕಾಯ್ತದೇನಲಾ? ಅವನು ಮಾಡಿದ್ದೇ ಸರಿ. ಹಬ್ಬದ ದಿನ ಆಳಿನ ಮೇಲೆ ಕೈ ಮಾಡ್ಬೇಡ" ಎಂದರು. ಸಾಹುಕಾರರು ಹಲ್ಲು ಕಚ್ಚಿಕೊಂಡು ಆರತಿ ಎತ್ತಿದರು. ನಾನು ಮನೆಯೊಳಗೆ ಹೋಗಿ ದೇವರ ಮುಂದೆ ಕೂತು ಅತ್ತೆ. ಹೆಚ್ಚಾಗಿ ಖುಷಿಗೇ ಅತ್ತೆ, ಸುಳ್ಳೇಕೆ ಹೇಳಲಿ.

ಆ ಖುಷಿ ನಾಲ್ಕು ದಿನವೂ ಬಾಳಲಿಲ್ಲ. ಕಾರು ಹಳ್ಳಿ ತಿರುಗಿ ಧೂಳು ಹೊತ್ತು ಬಂದಾಗ ಬಾಗಿಲ ಮೇಲೆ ಬರಹ ಮತ್ತೆ ಎದ್ದಿತ್ತು. ಸುಣ್ಣ ಹೋಗಿತ್ತು ನಿಜ, ಆದರೆ ಒಂದು ಹಗಲು ಎರಡು ರಾತ್ರಿ ಕೂತು ಬಣ್ಣದ ಹೊಳಪನ್ನು ತಿಂದುಹಾಕಿತ್ತು. ಹೊಳಪು ಸತ್ತ ಜಾಗದಲ್ಲಿ ಧೂಳು ಹೆಚ್ಚು ಕೂರುತ್ತಿತ್ತು. ಅಕ್ಷರದ ಅಂಚುಗಳು ಕಲಸಿಹೋಗಿ ಯಾರ ಕೈಯದೆಂದು ಗುರುತಾಗದಿದ್ದರೂ ಮಾತೇನೆಂದು ಓದಬಹುದಿತ್ತು. ಕಾರು ಶುಭ್ರವಾಗಿದ್ದರೆ ಏನೂ ಕಾಣದು, ಕೊಳೆಯಾದರೆ ಎಲ್ಲವೂ ಕಾಣುವುದು. ಸಾಹುಕಾರರು ಇನ್ನೂ ಗಮನಿಸಿರಲಿಲ್ಲ, ಗಮನಿಸಿದರೆ ಬರೆದವರ ಹುಡುಕಾಟ ಮತ್ತೆ ಶುರುವಾಗುತ್ತಿತ್ತು.

ಅಂದಿನಿಂದ ಮಾಮನ ಕೈಯಿಂದ ಬಟ್ಟೆ ಇಳಿಯಲಿಲ್ಲ. ಹಳ್ಳಿಯಲ್ಲಿ ಸಾಹುಕಾರರು ಇಳಿದ ಕೂಡಲೇ ಬಾಗಿಲು ಒರೆಸುವುದು, ಅವರು ಹತ್ತುವ ಮೊದಲು ಇನ್ನೊಮ್ಮೆ ಒರೆಸುವುದು, ಊರು ಸೇರುವ ಮೊದಲು ಕೆರೆ ಏರಿಯ ಹತ್ತಿರ ರೇಡಿಯೇಟರಿಗೆ ನೀರು ಹಾಕುವ ನೆಪದಲ್ಲಿ ಮತ್ತೊಮ್ಮೆ. ತಿಂಗಳುಗಟ್ಟಲೆ ಹೀಗೇ ನಡೆಯಿತು. ಇಷ್ಟು ನಿಷ್ಠೆಯ ಡ್ರೈವರು ಬೇರೆಲ್ಲೂ ಇಲ್ಲವೆಂದು ಸಾಹುಕಾರರೇ ನಾಲ್ಕು ಜನರೆದುರು ಹೊಗಳಿದರಂತೆ. ನೀರಿನಲ್ಲೇ ಇದ್ದು ಮಾಮನ ಬೆರಳ ಸಂದಿಗಳು ಬೆಳ್ಳಗೆ ಒಡೆದಿದ್ದವು. ಕಾಗದ ಬರೆಸಲು ಬಂದಾಗ ಅದನ್ನು ಕಂಡು ನನಗೆ ತಡೆಯಲಾಗಲಿಲ್ಲ.

"ಮಾಮ, ಅದನ್ನ ಬರೆದದ್ದು..."

"ನಂಗೊತ್ತು ಬಿಡಿ ಮೇಷ್ಟ್ರಮ್ಮ. ಬಾಯಿ ಬಿಡ್ಬೇಡಿ. ನಿಮ್ಮ ಕೆಲ್ಸ ಹೋದ್ರೆ ಅಕ್ಕನ್ನ ಯಾರು ನೋಡ್ತಾರೆ?" ಎಂದರು. ಬರೆಯಲು ತಂದ ಕಾಗದ ನನ್ನ ಮುಂದೆ ಇಡುತ್ತಾ, "ನೀವು ಬರ್ದಿದ್ದು ಏನು ಅಂತ ಊರೋರು ಹೇಳಿದ್ರು. ಸುಳ್ಳೇನಲ್ಲ ಅದು. ಆದ್ರೆ ಆ ರಾಗೀಲಿ ನನ್ನ ಮಗನ ಪಾಲೂ ಐತೆ ಅಂತ ಒಂದು ಆಸೆ ನಂಗೆ" ಎಂದರು.

ನಾನು ಬರೆಯಲು ಕೂತೆ. ಮಗನ ಕಾಗದ ಬಂದು ಆಗಲೇ ಎಷ್ಟೋ ತಿಂಗಳಾಗಿತ್ತು.

ಬೇಸಗೆಯಲ್ಲಿ ಸರ್ಕಾರದ ಕಾಗದವೊಂದು ಬಂತು, ಇಂಗ್ಲಿಷಿನದು. ಮಾಮ ಅದನ್ನು ಎರಡೂ ಕೈಯಲ್ಲಿ ಹಿಡಿದು ತಂದರು. ನನಗಿದ್ದ ಚೂರುಪಾರು ಇಂಗ್ಲಿಷಿನಲ್ಲಿ ಓದಿ ಹೇಳಿದೆ. ಮಗ ಪತ್ತೆಯಿಲ್ಲ.

"ಸತ್ತವ್ನೆ ಅಂತ ಬರ್ದಿಲ್ವಲ್ಲ?"

"ಇಲ್ಲ ಮಾಮ."

"ಇನ್ನೊಂದ್ಸಲ ನೋಡಿ."

"ಇಲ್ಲ ಮಾಮ, ಹಾಗೆ ಬರೆದಿಲ್ಲ."

"ಹಂಗಾದ್ರೆ ಬತ್ತಾನೆ. ಬಂದ್ರೆ ಇಲ್ಲಿಗೇ ಬತ್ತಾನೆ. ಹಳ್ಳೀಲಿ ನಮ್ಮ ಮನೆ ಬಿದ್ದೋಯ್ತು, ಅವನಿಗೆ ಗೊತ್ತಿರೋದು ಇದೊಂದೇ ಜಾಗ. ಅವನು ಬರೋವರ್ಗೂ ನಾನು ಈ ಕೋಣೆ ಬಿಡಂಗಿಲ್ಲ ಮೇಷ್ಟ್ರಮ್ಮ" ಎಂದರು.

ಮರುದಿನ ರಜೆ ಕೇಳಿಕೊಂಡು, ದಂಡಿನ ಆಫೀಸಿನಲ್ಲಿ ವಿಚಾರಿಸಿ ಬರುತ್ತೇನೆಂದು ಬೆಂಗಳೂರಿಗೆ ಹೋದರು. ಅಂದೇ ಸಾಹುಕಾರರಿಗೆ ಯಾವುದೋ ಹಳ್ಳಿಯ ಕೆಲಸ ಬಂತು. ಲಾರಿಯ ಡ್ರೈವರು ಕಾರು ಓಡಿಸಿದ. ಸಂಜೆ ಬಂದಾಗ ಅದರ ಬಣ್ಣವೇ ಕಾಣದಷ್ಟು ಧೂಳು ಮೆತ್ತಿತ್ತು. ಅವನಿಗೇನು, ಕೀಲಿ ಕೊಟ್ಟು ಹೊರಟುಹೋದ.

ನಾನು ಕಿಟಕಿಯಿಂದ ನೋಡಿದೆ. ಕೊಳಕು ಕಾರಿನ ಮೇಲೆ ನನ್ನ ಮಾತು ಅಗಲವಾಗಿ ಎದ್ದು ನಿಂತಿತ್ತು. ಸಾಹುಕಾರರು ಸುಸ್ತಾಗಿದ್ದರೋ ಏನೋ, ಗಮನಿಸದೆ ಮನೆಗೆ ಹೋಗಿದ್ದರು. ನಾನು ಒಂದು ಕೊಡ ನೀರು, ಒಂದು ಬಟ್ಟೆ ತೆಗೆದುಕೊಂಡು ಬಾಗಿಲಿಗೆ ಬಂದೆ. ಎದುರಿನ ಜಗಲಿಯ ಮೇಲೆ ನಾಲ್ಕು ಜನ ಗಂಡಸರು ಎಲೆಅಡಿಕೆ ಹಾಕಿಕೊಂಡು ಕೂತಿದ್ದರು. ಮೇಷ್ಟ್ರಮ್ಮ ಸಾಹುಕಾರರ ಕಾರು ತೊಳೆಯುವುದನ್ನು ಕಂಡರೆ ಏನೆಂದುಕೊಂಡಾರು? ಹೊಸ್ತಿಲಲ್ಲಿ ನಿಂತೆ. ಅವರು ಎದ್ದು ಹೋಗಲಿ ಎಂದು ಕಾದೆ. ಅವರು ಏಳಲಿಲ್ಲ, ನಾನು ಒಳಗೆ ಬಂದೆ. ಬೆಳಗ್ಗೆ ಬೇಗ ಎದ್ದು ಒರೆಸಿದರಾಯಿತೆಂದು ಸಮಾಧಾನ ಹೇಳಿಕೊಂಡೆ. ಬೆಳಗ್ಗೆ ಎದ್ದೆ, ಆದರೆ ಸಾಹುಕಾರರು ನನಗಿಂತ ಮೊದಲೇ ಬಂದು ಆ ಬಾಗಿಲ ಮುಂದೆ ನಿಂತಿದ್ದರು.

ಮೊದಲ ಬಸ್ಸಿಗೆ ಇಳಿದು ಬಂದ ಮಾಮನ ಕೈಯಲ್ಲಿ ಇನ್ನೂ ಆ ಸರ್ಕಾರದ ಕಾಗದವಿತ್ತು. ಗೋಡೆಯ ಈಚೆ ನಿಂತ ನನಗೆ ಸಾಹುಕಾರರ ಪ್ರತಿ ಮಾತೂ ಕೇಳುತ್ತಿತ್ತು.

"ದಿನಾ ಇದನ್ನೇ ಮುಚ್ಚಾಕ್ತಿದ್ದೆಯಾ ನೀನು? ಬರೆದೋರು ಯಾರು ಅಂತ ನಿಂಗೊತ್ತು. ಹೆಸರು ಹೇಳು, ನಿನ್ನ ಕೆಲಸಕ್ಕೆ ನಾನು ಕೈ ಹಾಕಲ್ಲ. ಇಲ್ಲಾಂದ್ರೆ ಇವತ್ತೇ ಕೋಣೆ ಖಾಲಿ ಮಾಡು."

ಗೋಡೆ ಸುತ್ತಿ ಹೋಗಿ ನಾನೇ ಬರೆದದ್ದು ಎನ್ನಲು ಹತ್ತು ಹೆಜ್ಜೆ ಸಾಕಿತ್ತು. ಆ ಹತ್ತು ಹೆಜ್ಜೆಗಳನ್ನು ನಾನು ಮನಸ್ಸಿನಲ್ಲೇ ಎಷ್ಟು ಸಲ ಇಟ್ಟೆನೋ... ಕಾಲು ಮಾತ್ರ ಕದಲಲಿಲ್ಲ.

"ನಂಗೆ ಅಕ್ಷರ ಬರಲ್ಲ ಬುದ್ಧಿ" ಎಂದರು ಮಾಮ.

ಮಧ್ಯಾಹ್ನ ಒಂದು ಟ್ರಂಕು, ಒಂದು ಚಾಪೆ ಹಿಡಿದು ನಮ್ಮ ಬಾಗಿಲಿಗೆ ಬಂದರು. ಅವ್ವ ಎರಡು ರೊಟ್ಟಿ ಕಟ್ಟಿಕೊಟ್ಟಳು. ಅವಳಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಸಾಯುವವರೆಗೂ ಗೊತ್ತಾಗಲಿಲ್ಲ.

"ಎಲ್ಲಿಗೆ ಹೋಗ್ತೀರಿ ಮಾಮ?" ಎಂದೆ.

"ಗೊತ್ತಿಲ್ಲ. ತುಮಕೂರು ಕಡೆ ಲಾರಿ ಕೆಲ್ಸ ಸಿಕ್ಕಾದು. ಎಲ್ಲಾದ್ರೂ ನೆಲೆ ನಿಂತ ಮೇಲೆ ವಿಳಾಸ ತಿಳಿಸ್ತೀನಿ. ನನ್ನ ಮಗ ಬಂದ್ರೆ ಹೇಳ್ಬೇಕು ನೀವು. ಅಷ್ಟು ಮಾಡಿ, ಸಾಕು."

ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಮಾಡಿದವಳು ನಾನು, ಉಂಡವರು ಅವರು. ಆ ದಿನ ನಾನು ಅವರ ಕಾಲಿಗೂ ಬೀಳಲಿಲ್ಲ. ಸರಿ ಮಾಮ ಎಂದಷ್ಟೇ ಅಂದು ಕಂಬ ಹಿಡಿದು ನಿಂತೆ. ಅವರ ಕಾಗದಕ್ಕಾಗಿ ಎಷ್ಟೋ ದಿನ ಅಂಚೆಯವನ ದಾರಿ ಕಾದೆ. ಬರಲಿಲ್ಲ. ಹೇಗೆ ಬಂದೀತು? ಅವರಿಗೆ ಕಾಗದ ಬರೆದುಕೊಡುತ್ತಿದ್ದವಳು ನಾನೊಬ್ಬಳೇ.

ಯುದ್ಧ ಮುಗಿದು ಕೆಲವು ತಿಂಗಳ ಮೇಲೆ, ಒಂದು ಭಾನುವಾರ, ಒಬ್ಬ ಬಡಕಲು ಯುವಕ ಗೋದಾಮಿನ ಮುಂದೆ ನಿಂತಿದ್ದ. ಕೈಯಲ್ಲಿ ದಂಡಿನ ಚೀಲ, ಮುಖದಲ್ಲಿ ಮೂಳೆ ಬಿಟ್ಟರೆ ಬೇರೇನೂ ಇಲ್ಲ. ಜಪಾನಿನವರ ಸೆರೆಯಲ್ಲಿ ಇದ್ದನಂತೆ. ಗೋದಾಮಿನ ಆಳುಗಳು ನಮ್ಮ ಮನೆ ತೋರಿಸಿ ಕಳಿಸಿದ್ದರು.

"ಕಾಗದ ಬರೀತಿದ್ದ ಮೇಷ್ಟ್ರಮ್ಮ ನೀವೇನಾ?" ಎಂದ. ಹೌದೆಂದೆ. "ನಮ್ಮಪ್ಪ ಎಲ್ಲಿ?"

ತುಮಕೂರು ಕಡೆ ಹೋದರು, ವಿಳಾಸ ತಿಳಿಯದು ಎಂದೆ. ಅವನು ಜಗಲಿಯ ಮೇಲೆ ಕೂತುಬಿಟ್ಟ. ನೀರು ಕೊಟ್ಟೆ, ಕುಡಿದ. ಆಮೇಲೆ ಕೇಳಿದ:

"ಸಾಹುಕಾರ್ರು ಕೆಲಸದಿಂದ ತೆಗೆ‌ದ್ರು ಅಂದ್ರು. ಯಾಕಮ್ಮ? ನಮ್ಮಪ್ಪ ಏನು ತಪ್ಪು ಮಾಡಿದ್ದ?"

ಆಗ ನನಗೆ ಹೆದರಲು ಕಾರಣವೇ ಉಳಿದಿರಲಿಲ್ಲ. ಯುದ್ಧ ಮುಗಿದಿತ್ತು, ಸಾಹುಕಾರರು ಕಾರನ್ನು ಯಾರಿಗೋ ಮಾರಿ ಆ ವಿಷಯವನ್ನೇ ಮರೆತಿದ್ದರು. ಆದರೂ ನನ್ನ ಬಾಯಲ್ಲಿ ಬಂದದ್ದು "ನನಗೆ ಗೊತ್ತಿಲ್ಲಪ್ಪಾ" ಎಂಬ ಮಾತು. ಅವನು ಚೀಲ ಹೆಗಲಿಗೇರಿಸಿ ತುಮಕೂರು ರಸ್ತೆ ಹಿಡಿದ. ತಂದೆ ಮಗ ಎಲ್ಲಾದರೂ ಸೇರಿದರೋ ಇಲ್ಲವೋ, ನನಗೆ ತಿಳಿಯಲೇ ಇಲ್ಲ.

ಈಗ ನನಗೆ ವಯಸ್ಸಾಗಿದೆ. ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತಿಯಾದೆ. ಬೀಳ್ಕೊಡುಗೆಯ ದಿನ ಎಲ್ಲರೂ ನನ್ನ ಅಕ್ಷರವನ್ನೇ ಹೊಗಳಿದರು, ನಾನು ತಲೆ ತಗ್ಗಿಸಿ ಕೂತಿದ್ದೆ, ವಿನಯವೆಂದುಕೊಂಡರು. ಡ್ರೈವರ್ ಮಾಮ ಈಗ ಇರಲಾರರು. ಅವರ ಮಗನೂ ಇದ್ದಾನೆಂದು ಹೇಳುವಂತಿಲ್ಲ. ಇದ್ದು, ಎಲ್ಲಾದರೂ ಇದನ್ನು ಓದಿದರೆ... ನಿಮ್ಮಪ್ಪ ಏನೂ ತಪ್ಪು ಮಾಡಿರಲಿಲ್ಲ ಕಣಪ್ಪಾ. ಮಾಡಿದವಳು ಅವತ್ತು ನಿನಗೆ ನೀರು ಕೊಟ್ಟವಳು.